ಒಂದು ಮೀಟರ್, ಎರಡು ಒಲೆ

ಬ್ಯಾಡಗಿಯ ಆ ಮನೆ ಇಬ್ಭಾಗವಾದ ಮೇಲೆ ಒಲೆ ಬೇರೆ, ಬಾಗಿಲು ಬೇರೆ. ಮೀಟರ್ ಮಾತ್ರ ಒಂದೇ, ಅದೂ ಹಿರಿಯ ನೆಗೆಣ್ಣಿ ನೀಲಗಂಗವ್ವನ ಪಡಸಾಲೆಯಲ್ಲಿ. ಅದರ ಪಕ್ಕದ, ಕರೆಂಟು ಕಡಿಯುವ ಟ್ರಿಪ್ಪರ್ ಸ್ವಿಚ್ಚು ಬಿದ್ದಾಗಲೆಲ್ಲ ಕಿರಿಯ ಸೊಸೆ ಸುರೇಖಾ ಅವಳ ಹೊಸ್ತಿಲಲ್ಲಿ ನಿಂತು, "ಅಕ್ಕಾ, ಸ್ವಲ್ಪ ಏರಸ್ರಿ" ಎನ್ನಬೇಕು. ಈಚೆಗೆ ಅದು ದಿನಾ ಬೀಳುತ್ತಿತ್ತು.

"ನಿನ್ನ ತವರಮನಿ ಮಿಕ್ಸರಿನ ಪುಣ್ಯಾ ಇದು," ಎಂದಳು ನೀಲಗಂಗವ್ವ. "ವೈರಮನ್ ಮಲಂಗಸಾಬಗ ಬಾ ಅಂದೇನಿ. ಇವತ್ತ ನಿನ್ನ ಲೈನ್ ಕತ್ತರಿಸಿ ಒಗಿಸ್ತೇನಿ. ಚಿಮಣಿ ಹಚಕೊಂಡು ಕುಂದ್ರು."

ದಿನಾ ಸಂಜೆ ಬಲ್ಬಿನ ಬೆಳಕಲ್ಲೇ ಸುರೇಖಾ ಅಂಗಡಿಯವರ ಮೆಣಸಿನಕಾಯಿಯ ತೊಟ್ಟು ಕೂಲಿಗೆ ಬಿಡಿಸುತ್ತಿದ್ದಳು. ಪಕ್ಕದಲ್ಲೇ ಮಗಳು ಶೈಲಶ್ರೀಯ ಓದು. ಲೈನ್ ಹೋದರೆ ಎರಡೂ ಹೋದವು.

ಆಚೆಯ ಬಚ್ಚಲಲ್ಲಿ ಬಕೆಟ್ಟಿನ ಸದ್ದಾದ ಮೇಲೆಯೇ ಟ್ರಿಪ್ಪರ್ ಬೀಳುವುದನ್ನು ಅವಳು ಗಮನಿಸಿದ್ದಳು. ಬಾಯಲ್ಲಿ ಹೇಳಿದರೆ ಕೇಳುವವರ್ಯಾರು? ಒಳಗೆ ಹೋಗಿ ತನ್ನ ಮನೆಯ ಫ್ಯೂಸ್ ಎರಡನ್ನೂ ಕಿತ್ತು, ಮುಷ್ಟಿಯಲ್ಲಿ ಹಿಡಿದು ಅಂಗಳದಲ್ಲಿ ಬಂದು ನಿಂತಳು.

ಆಚೆ ಬಕೆಟ್ಟಿನ ಸದ್ದಾಯಿತು. ಹಿಂದೆಯೇ, ಟಕ್!

"ಬಿತ್ತಲ್ಲ! ಮತ್ತ ಏನ್ ಹಚ್ಚೀದಿಯೇ, ಹಾಳಾದಾಕಿ?"

ಸುರೇಖಾ ಮುಷ್ಟಿ ಬಿಚ್ಚಿದಳು. "ಹಚ್ಚಾಕ ನನ್ನ ಮನ್ಯಾಗ ಕರೆಂಟ ಇಲ್ರಿ."

ಬಿಳಿ ಫ್ಯೂಸುಗಳನ್ನು ಕಂಡು ನೀಲಗಂಗವ್ವನ ಮುಖ ಕಪ್ಪಿಟ್ಟಿತು. ಆದರೂ ಹಟಕ್ಕೆ ಬಿದ್ದು ಟ್ರಿಪ್ಪರ್ ಏರಿಸಲು ಕೈ ಎತ್ತಿದಳು. ಅವಳ ಬೆನ್ನ ಹಿಂದೆ ಬಚ್ಚಲ ಬಾಗಿಲು ತೆರೆದಿತ್ತು. ನೀರು ಕಾಯಿಸುವ ಕಾಯಿಲ್ ಪ್ಲಗ್ಗಿಗೆ ಹಚ್ಚಿದಂತೆಯೇ ಬಕೆಟ್ಟಿನಲ್ಲಿತ್ತು. ಅವಳ ಮಗ, ಪುಟ್ಟ ವಿಕ್ರಮ, ಬರಿಗಾಲಲ್ಲಿ ನಿಂತು ಬಿಸಿ ನೋಡಲು ನೀರಿಗೆ ಬೆರಳದ್ದುತ್ತಿದ್ದ.

ಸುರೇಖಾ ಹೊಸ್ತಿಲು ಹಾರಿ ಅವಳ ಕೈ ಹಿಡಿದಳು.

"ಬಿಡ ಕೈ!"

"ಬಿಡೂದಿಲ್ಲ. ಮೊದಲ ಕಾಯಿಲ್ ತಗೀರಿ. ಕೂಸು ನೀರಾಗ ಕೈ ಇಟ್ಟೈತಿ!"

ನೀಲಗಂಗವ್ವ ತಿರುಗಿ ನೋಡಿ ಚೀರಿದಳು. ಹುಡುಗ ಹೆದರಿ ಕೈ ತೆಗೆದು ಅಳತೊಡಗಿದ. ನೀಲಗಂಗವ್ವ ಓಡಿ ಹೋಗಿ ಪ್ಲಗ್ ಕಿತ್ತು, ಬಂದು ಟ್ರಿಪ್ಪರ್ ಏರಿಸಿದಳು. ಅದು ಬೀಳಲಿಲ್ಲ.

"ನಿನ್ನ ಕೆಟ್ಟ ಕಣ್ಣಿಗೆ ನನ್ನ ಕಾಯಿಲ್ ಸುಟ್ಟೈತಿ," ಎಂದಳು, ಮಗನನ್ನು ಎದೆಗವಚಿಕೊಂಡು.

ಅಷ್ಟರಲ್ಲಿ ಮಲಂಗಸಾಬ ಇಕ್ಕಳ ಹಿಡಿದು ಬಂದ. "ಯಾವ ಲೈನ್ ಕತ್ತರಸೂದ್ರಿ, ಅಕ್ಕಾರ?"

"ಯಾವ್ದೂ ಇಲ್ಲ. ನಡಿ!"

ಸಂಜೆ ಆಚೆ ಮನೆಯಲ್ಲಿ ಕಟ್ಟಿಗೆ ಒಲೆಯ ಮೇಲೆ ನೀರು ಕಾಯುತ್ತಿತ್ತು. ಹೊಗೆಯ ಜೊತೆ ಬೈಗುಳವೂ ಗೋಡೆ ದಾಟಿ ಬರುತ್ತಿತ್ತು. ಈಚೆ ಬಲ್ಬು ಉರಿಯುತ್ತಿತ್ತು. ಮೆಣಸಿನಕಾಯಿಯಿಂದ ಬೆರಳು ಉರಿಯುತ್ತಿದ್ದರಿಂದ ಸುರೇಖಾ ಮುಂಗೈಯಿಂದಲೇ ಮಗಳ ಮುಂಗುರುಳು ಸರಿಸಿ, "ನೀ ಓದವಾ," ಎಂದಳು.