ತಲೆ ಸಿಡಿಯುವ ದಿನದ ಕೊಳವೆ

ನಾನು ಬೆರಳುದ್ದದ ಒಂದು ಕೊಳವೆ. ಕಾರ್ಖಾನೆಯಲ್ಲಿ ನೂರಾರು ಒಡಹುಟ್ಟಿದವರೊಂದಿಗೆ ಒಂದೇ ನಿಮಿಷದಲ್ಲಿ ಹುಟ್ಟಿದೆ. ನೇರಳೆ ಮುಚ್ಚಳ ಹಾಕುವ ಮುನ್ನ ನನ್ನೊಳಗಿನ ಗಾಳಿಯನ್ನೂ ಹೀರಿಕೊಂಡರು. ಹಾಗಾಗಿ ನನಗೆ ಹುಟ್ಟಿನಿಂದಲೇ ಹಸಿವು. ಸೂಜಿ ಚುಚ್ಚಿದರೆ ಸಾಕು, ರಕ್ತವನ್ನು ನಾನೇ ಎಳೆದುಕೊಳ್ಳುತ್ತೇನೆ.

ಬಂದು ಸೇರಿದ್ದು ಗದಗಿನ ಒಂದು ಮಕ್ಕಳ ಆಸ್ಪತ್ರೆಗೆ. ಮಕ್ಕಳ ಮೈಗ್ರೇನಿನ ಗುರುತು ರಕ್ತದಲ್ಲಿ ಸಿಗುತ್ತದೆಯೇ ಎಂದು ಅಲ್ಲಿ ಡಾಕ್ಟರ್ ವತ್ಸಲಾ ಹುಡುಕುತ್ತಿದ್ದರು. ಪ್ರತಿ ಮಗುವಿಗೂ ನಮ್ಮಲ್ಲಿ ಇಬ್ಬರು: ಒಬ್ಬ ನೋವಿಲ್ಲದ ದಿನಕ್ಕೆ, ಇನ್ನೊಬ್ಬ ತಲೆ ಸಿಡಿಯುವ ದಿನಕ್ಕೆ. ನಾನು ಎರಡನೆಯವನು. ನನ್ನ ಪಾಲಿನ ಮಗು ಹತ್ತು ವರ್ಷದ ನೀಲಾಂಬಿಕಾ. ಜೊತೆಯವನು ಮೊದಲ ದಿನವೇ ಹೊಟ್ಟೆ ತುಂಬಿಸಿಕೊಂಡು ಹೋದ. ನಾನು ಕಾದೆ. ನನ್ನ ಬಳಕೆಯ ಅವಧಿ ಮುಗಿಯಲು ಎರಡೇ ತಿಂಗಳಿತ್ತು.

ಅವಳಪ್ಪ ವಿರೂಪಾಕ್ಷಪ್ಪನದು ಹಿಟ್ಟಿನ ಗಿರಣಿ. ನೋವು ಬಂದ ಕೂಡಲೇ ಕರೆತನ್ನಿ ಎಂದು ಡಾಕ್ಟರ್ ಹೇಳಿದ್ದರು. ಆದರೆ ಆ ಮನೆಯವರು ಮಗಳನ್ನು ಇದ್ದ ಹಾಗೆಯೇ ಹೊರಡಿಸುವವರಲ್ಲ. ದೊಡ್ಡ ದವಾಖಾನೆಗೆಂದರೆ ಚಹಾ ಕುಡಿಸಿ, ಸ್ವಲ್ಪ ಹೊತ್ತು ಮಲಗಿಸಿ, ಎಣ್ಣೆ ಹಚ್ಚಿ ಹೆರಳು ಹಾಕಿ, ಇಸ್ತ್ರಿ ಮಾಡಿದ ಫ್ರಾಕು ತೊಡಿಸಬೇಕು. ಬರುವಷ್ಟರಲ್ಲಿ ನೋವು ಮಾಯ. ಎರಡು ಸಲ ಹೀಗೇ ಆಯಿತು.

“ದವಾಖಾನಿ ಬಾಗಲಾ ಕಂಡ್ರ ಓಡಿ ಹೋಗ್ತದ ನೋಡ್ರಿ ಇಕಿ ತಲಿನೋವು!” ಅಪ್ಪ ನಕ್ಕ. “ಗಣಿತದ ಮಾಸ್ತರ ಬಂದ ಕೂಡ್ಲೇ ತಿರುಗಿ ಬರ್ತದ.”

“ಖರೇನ ಬಂದಿತ್ತಪ್ಪಾ,” ಎಂದಳು ನೀಲಾಂಬಿಕಾ. ಔಷಧಕ್ಕಿಂತ ಮೊದಲು ಅವಳಿಗೆ ಬೇಕಾಗಿದ್ದದ್ದು ಅಪ್ಪ ತನ್ನನ್ನು ನಂಬುವುದು.

ನನ್ನ ಅವಧಿ ಮುಗಿಯಲು ನಾಲ್ಕು ದಿನ ಉಳಿದಿತ್ತು. ಅಂದು ಅವಳ ಶಾಲೆಯ ಖೋಖೋ ಫೈನಲ್. ಮೈದಾನದಲ್ಲೇ ವಾಂತಿ ಮಾಡಿಕೊಂಡು, ಬೆಳಕು ತಡೆಯಲಾರದೆ ಕಣ್ಣು ಮುಚ್ಚಿ ಕೂತವಳನ್ನು, ಗಿರಣಿ ನಿಲ್ಲಿಸಿ ಓಡಿದ ಅಪ್ಪ ನೇರ ಇಲ್ಲಿಗೇ ಎತ್ತಿಕೊಂಡು ಬಂದ. ಅವಳ ಮೊಣಕಾಲಿಗೆ ಕೆಮ್ಮಣ್ಣು, ಅವನ ಹುಬ್ಬಿಗೆ ಜೋಳದ ಹಿಟ್ಟು. ಹೆರಳು ಪೂರ್ತಿ ಬಿಚ್ಚಿಹೋಗಿತ್ತು.

ನಾನು ಗಟಗಟನೆ ಕುಡಿದೆ.

“ಫೈನಲ್ ಆಡೂದು ಬಿಟ್ಟು ಯಾರರ ಸುಳ್ಳು ಹೇಳ್ತಾರೇನಪ್ಪಾ?” ಕಣ್ಣು ತೆರೆಯದೆ ಕೇಳಿದಳು.

ಅಪ್ಪ ಹುಬ್ಬಿನ ಹಿಟ್ಟು ಒರೆಸಿಕೊಂಡ. “ಡಾಕ್ಟರ್ರ, ಖರೇನೋ ಸುಳ್ಳೋ ಅಂತ ರಕ್ತದಾಗ ಗೊತ್ತಾಗ್ತದೇನ್ರಿ?”

“ಇನ್ನೂ ಇಲ್ರಿ. ಅದನ್ನ ಹುಡುಕಾಕತ್ತೇವಿ. ಅಲ್ಲೀತನಕಾ ಮಗಳನ್ನ ಕೇಳೂದು, ಆಕಿ ಹೇಳಿದ್ದನ್ನ ಬರಕೊಳ್ಳೂದು. ಆಕಿ ಹೇಳೂ ಲಕ್ಷಣ ಎಲ್ಲಾ ಮೈಗ್ರೇನಿನವೇ ಅದಾವ್ರಿ.”

“ಹಂಗಾರ ಬರೀರಿ,” ಎಂದ ಅಪ್ಪ. “ತಲಿನೋವು ಐತಿ ಅಂತನ ಬರೀರಿ.”

ಡಾಕ್ಟರ್ ನನ್ನ ಚೀಟಿಯ ಮೇಲೆ ಬರೆದರು.

ಆಮೇಲೆ ಯಂತ್ರದಲ್ಲಿ ನನ್ನನ್ನು ಗರಗರ ತಿರುಗಿಸಿ, ಮೇಲೆ ನಿಂತ ಹಳದಿ ನೀರನ್ನು ಬೇರೆ ಪುಟ್ಟ ಕೊಳವೆಗೆ ಹಾಕಿ, ಹಿಮದ ಪೆಟ್ಟಿಗೆಯಲ್ಲಿಟ್ಟರು. ಉತ್ತರ ಅದರಲ್ಲಿದೆಯೋ ಇಲ್ಲವೋ, ಹುಡುಕುವವರು ಹುಡುಕಲಿ. ನಾನೀಗ ಕೆಂಪು ಚೀಲದಲ್ಲಿ ಮಲಗಿರುವ ಮುದುಕ, ಕಸದ ಗಾಡಿಗೆ ಕಾಯುತ್ತಿದ್ದೇನೆ. ಮೈಮೇಲಿನ ಚೀಟಿ ಮಾತ್ರ ಇನ್ನೂ ಗಟ್ಟಿಯಾಗಿ ಅಂಟಿಕೊಂಡಿದೆ. ಹೆಸರಿಲ್ಲ, ಇಪ್ಪತ್ತೇಳು ಎಂಬ ನಂಬರಿದೆ. ಕೆಳಗೆ ಅವಳಪ್ಪ ಹೇಳಿ ಬರೆಸಿದ ಎರಡೇ ಪದ: ತಲೆನೋವು ಇದೆ.