ಸೋದರಮಾವನ ಫೆಲ್ಟ್ ಟೋಪಿ

ಮಾರುತೇಶನ ತಲೆಬುರುಡೆಯ ಒಂದು ತುಂಡು ದಾವಣಗೆರೆಯ ಆಸ್ಪತ್ರೆಯೊಂದರ ಶೀತಪೆಟ್ಟಿಗೆಯಲ್ಲಿತ್ತು, ಮಿಕ್ಕ ಮಾರುತೇಶ ಚಳ್ಳಕೆರೆಯ ಮನೆಯಲ್ಲಿದ್ದ. ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ ಚೀಲಗಳ ಲೋಡಿನ ಮೇಲಿಂದ ಬಿದ್ದು ಮೆದುಳು ಬಾತಿತ್ತು. ಬಾವು ಇಳಿಯಲೆಂದು ಡಾಕ್ಟರು ಬಲಗಡೆ ಅಂಗೈಯಗಲ ಮೂಳೆ ತೆಗೆದು, ಕೆಲವು ತಿಂಗಳು ಬಿಟ್ಟು ಮತ್ತೆ ಕೂರಿಸುತ್ತೇವೆ ಎಂದಿದ್ದರು. ಅಲ್ಲಿಯವರೆಗೆ ಆ ಜಾಗದಲ್ಲಿ ಬರೀ ಚರ್ಮ. ಅದಕ್ಕೆ ಏನೂ ತಗಲಬಾರದು, ಹೊರಗೆ ಹೊರಟರೆ ಹೆಲ್ಮೆಟ್ ಇರಲೇಬೇಕು ಎಂದು ಹೇಳಿ ಕಳಿಸಿದ್ದರು.

ಅಂದಿನಿಂದ ಅವನ ಹೆಂಡತಿ ಪ್ರೇಮಲತಾ ಜೀವ ಕೈಯಲ್ಲಿ ಹಿಡಿದುಕೊಂಡೇ ಓಡಾಡುತ್ತಿದ್ದಳು. ಗಿಡ್ಡ ಬಾಗಿಲು ಕಂಡರೆ ಭಯ, ತಿರುಗುವ ಫ್ಯಾನು ಕಂಡರೆ ಭಯ. ಸೂರಿನಲ್ಲಿ ಹಲ್ಲಿ ಲೊಚಗುಟ್ಟಿದರೆ ಬೇರೆಯವರು ಶಕುನ ನೋಡುತ್ತಾರೆ, ಇವಳು ಪೊರಕೆ ಹಿಡಿದು ಓಡುತ್ತಿದ್ದಳು. ಬಿದ್ದರೆ ಎಲ್ಲಿ ಬೀಳಬಾರದು ಅಂತ ಹಲ್ಲಿಗೇನು ಗೊತ್ತು, ಪಾಪ.

ಇಂಥದ್ದರಲ್ಲಿ ರಾಂಪುರದಿಂದ ಮಾರುತೇಶನ ತಂಗಿ ಕಾಂಚನಾ ಫೋನು ಮಾಡಿ ಮಗಳ ಮದುವೆ ಗೊತ್ತಾಯಿತು ಎಂದಳು. ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ತರಬೇಕಾದವನು ಸೋದರಮಾವ. ಆ ಹುಡುಗಿಗೆ ಇದ್ದ ಮಾವ ಒಬ್ಬನೇ, ಅವನ ತಲೆಗೋ ಮುಚ್ಚಳವಿರಲಿಲ್ಲ. ನೀನು ಬರೋದು ಬ್ಯಾಡಣ್ಣ ಎಂದು ಕಾಂಚನಾಳೇ ಹೇಳಿದಳು, ಮಾರುತೇಶ ಕಿವಿಗೆ ಹಾಕಿಕೊಳ್ಳಲಿಲ್ಲ.

"ಹೆಲ್ಮೆಟ್ ಹಾಕ್ಕೊಂಡು ಮಂಟಪದಾಗೆ ನಿಂತ್ರೆ ಜನ ನಗ್ತಾರೆ. ಪೇಟ ಸುತ್ತಿದ್ರೆ ಬಿಗೀತೈತೆ. ಅಟ್ಟದ ಮ್ಯಾಲೆ ನನ್ ಟೋಪಿ ಐತಲ್ಲ, ತೆಗೀ."

"ಹಠ ಮಾಡಬ್ಯಾಡ್ರಿ. ಬಸ್ಸಿನಾಗೆ ಯಾವನಾದ್ರೂ ಬ್ಯಾಗು ತಾಗಿಸಿದ್ರೆ ನಾನೇನ್ ಮಾಡ್ಲಿ?"

"ಬಂದ್ರೆ ಬಾ, ಬಿಟ್ರೆ ಬಿಡು. ನಾನಂತೂ ಹೋಗ್ತೀನಿ."

ಹಠಕ್ಕೆ ಮದ್ದು ಯಾವ ಅಂಗಡಿಯಲ್ಲಿ ಸಿಗುತ್ತದೆ? ಎಲ್ಲಿ ಒಬ್ಬನೇ ಬಸ್ಸು ಹತ್ತಿಬಿಡುತ್ತಾನೋ ಎಂದು ಹೆದರಿ ಪ್ರೇಮಲತಾ ಅಟ್ಟ ಹತ್ತಿದಳು. ಎಂದೋ ಊಟಿಯಲ್ಲಿ ಕೊಂಡ ಕಂದು ಬಣ್ಣದ ಫೆಲ್ಟ್ ಟೋಪಿ ಅದು, ನೇಯದೆ ಉಣ್ಣೆಯನ್ನೇ ಒತ್ತಿ ಮಾಡಿದ್ದು. ಹುಳ ತಿಂದು ತೂತಾಗಿತ್ತು, ಅಂಚು ಸೊಟ್ಟಗಾಗಿತ್ತು, ಮೇಲ್ಭಾಗ ಕುಸಿದು ಕೂತಿತ್ತು.

ಪ್ರೇಮಲತಾ ಕಂಬಳಿ ನೇಯುವವರ ಮನೆಯ ಮಗಳು, ಉಣ್ಣೆಯ ವಿಷಯಕ್ಕೆ ಅವಳಿಗೆ ಯಾರೂ ಪಾಠ ಹೇಳಬೇಕಿರಲಿಲ್ಲ. ಧೂಳು ಉಜ್ಜಿ, ತಣ್ಣೀರಿನಲ್ಲಿ ಅಂಟುವಾಳದ ನೊರೆಯೆಬ್ಬಿಸಿ ಕೊಳೆ ತೆಗೆದಳು. ತೂತುಗಳಿಗೆ ಒಳಗಿನಿಂದ ಉಣ್ಣೆಯ ಎಳೆ ಹಾಕಿದಳು. ಇಡ್ಲಿಪಾತ್ರೆಯ ಹಬೆಗೆ ಹಿಡಿದು ಮೆತ್ತಗೆ ಮಾಡಿ, ಬೋರಲು ಹಾಕಿದ ತಪ್ಪಲೆಯ ಮೇಲೆ ಎಳೆದು ಕೂರಿಸಿದಳು. ಆಮೇಲೆ ತವರಿನಲ್ಲಿ ಕಂಬಳಿಯ ನೂಲಿಗೆ ಹಾಕುವ ಹುಣಸೆಬೀಜದ ಗಂಜಿಯನ್ನೇ ಕಾಸಿ, ಬಳಿದು ಒಣಗಿಸಿ, ಮತ್ತೆ ಬಳಿದಳು. ಅಷ್ಟಾದ ಮೇಲೆ ಬೆರಳಲ್ಲಿ ತಟ್ಟಿದರೆ ಟೋಪಿ ಟಕಟಕ ಅನ್ನುತ್ತಿತ್ತು.

ಅತ್ತೆ ಸೂರಮ್ಮ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಬಾವು ಇಳಿದ ಮೇಲೆ ಮಗನ ತಲೆ ಆ ಜಾಗದಲ್ಲಿ ಹಳ್ಳ ಬಿದ್ದಿತ್ತು. ಕೇರಿಯ ಎಷ್ಟೋ ಕೂಸುಗಳಿಗೆ ಎಣ್ಣೆ ಒತ್ತಿ ನೀರು ಹಾಕಿದ್ದ ಮುದುಕಿಗೆ ಅದನ್ನು ನೋಡಿ ಒಂದೇ ಮದ್ದು ಹೊಳೆಯಿತು.

"ನೆತ್ತಿ ಬಿದ್ದ ಕೂಸಿಗೆ ಹರಳೆಣ್ಣೆ ಬಟ್ಟೆ ಇಡ್ತೀವಲ್ಲವ್ವ, ಹಂಗೇ ಟೋಪಿ ಒಳಗೊಂದು ಮೆತ್ತೆ ಹೊಲಿ. ಹಳ್ಳಾನೂ ತುಂಬ್ತೈತೆ, ಪೆಟ್ಟೂ ತಾಗಲ್ಲ."

ಪ್ರೇಮಲತಾಳಿಗೂ ಅದು ಸರಿಯೆನಿಸಿತು. ಹಳೆಯ ಕಂಬಳಿಯ ತುಂಡನ್ನು ಮಡಿಸಿ ಬಲಗಡೆಗೆ ಹೊಲಿದಳು.

ಬೆಳಿಗ್ಗೆ ಮಾರುತೇಶ ಟೋಪಿ ಹಾಕಿಕೊಂಡು ಅಂಗಳದಲ್ಲಿ ಠಾಕುಠೀಕಾಗಿ ನಡೆದ. ಸೂರಮ್ಮ ಲಟಿಕೆ ಮುರಿದು ದೃಷ್ಟಿ ತೆಗೆದಳು. ಅವನು ನೀರು ಕುಡಿಯಲೆಂದು ಎಡಗೈಯಲ್ಲಿ ಚೆಂಬು ಎತ್ತಿಕೊಂಡ. ಚೆಂಬು ಜಾರಿ ಕಲ್ಲಿನ ಮೇಲೆ ಬಿತ್ತು. ಅವನು ಬಗ್ಗಲಿಲ್ಲ, ತನ್ನ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತಾ ನಿಂತ.

"ಪ್ರೇಮಾ, ಈ ಕೈ... ಯಾಕೋ..." ನಾಲಿಗೆ ತೊದಲಿತು.

ಪ್ರೇಮಲತಾ ಟೋಪಿ ಕಿತ್ತೆಸೆದು, ಅವನನ್ನು ತಬ್ಬಿಕೊಂಡು ಹೋಗಿ ಮಂಚಕ್ಕೆ ಒರಗಿಸಿ, ಡಾಕ್ಟರಿಗೆ ಫೋನು ಹಚ್ಚಿದಳು. ಮೆತ್ತೆ ಇಟ್ಟಿರಾ ಎಂದು ಅವರು ಗದರಿಸಿದರು. ಆ ಜಾಗದ ಮೇಲೆ ಏನೂ ಒತ್ತಬಾರದು, ಹತ್ತಿಯೂ ಒತ್ತಬಾರದು, ಕೈ ಸರಿಹೋಗಲಿ ಬಿಡಲಿ ಈಗಲೇ ಕಾರು ಮಾಡಿಕೊಂಡು ಬನ್ನಿ ಎಂದರು.

ದಾವಣಗೆರೆ ಮುಟ್ಟುವ ಹೊತ್ತಿಗೆ ಬೆರಳುಗಳು ಆಡತೊಡಗಿದ್ದವು. ತಲೆಯ ಸ್ಕ್ಯಾನ್ ತೆಗೆಸಿ, ರಾತ್ರಿ ಇರಿಸಿಕೊಂಡು, ಗಂಡಾಂತರ ತಪ್ಪಿದೆ ಎಂದು ಮರುದಿನ ಕಳಿಸಿದರು. ಮದುವೆಗೆ ಹೋಗಬಹುದು, ದಾರಿಯಲ್ಲಿ ಹೆಲ್ಮೆಟ್ ಇರಲಿ, ಮಂಟಪದಲ್ಲಿ ಟೋಪಿ ಹಾಕಿದರೆ ಅದು ಮೂಳೆ ಇರುವ ಕಡೆ ಮಾತ್ರ ಕೂರಬೇಕು ಎಂದರು. ಸೂರಮ್ಮ ಎರಡೂ ದಿನ ಅನ್ನ ಮುಟ್ಟಿರಲಿಲ್ಲ. ನನ್ ಕೈಯಾರೆ ಮಗನ್ನ ಕಳ್ಕೊಂತಿದ್ದೆ ಎಂದು ಒಂದೇ ಸಮನೆ ಅಳುತ್ತಿದ್ದಳು.

"ಹಾಳಾದ್ ಟೋಪೀನ ಒಲೆಗೆ ಇಕ್ತೀನಿ," ಎಂದಳು ಪ್ರೇಮಲತಾ.

"ಇಕ್ಕಬ್ಯಾಡ ಕಣೆ." ಮಾರುತೇಶನ ದನಿ ಸಣ್ಣಗಿತ್ತು. "ಮದ್ವೆ ಮುಗಿದ ಮ್ಯಾಲೆ ಮೂಳೆ ಕೂರಿಸ್ತಾರೆ. ಆ ಟೇಬಲ್ ಮ್ಯಾಲಿಂದ ಏಳ್ತೀನೋ ಇಲ್ವೋ. ಏಳ್ಲಿಲ್ಲ ಅಂದ್ರೆ, ನಮ್ಮಾವ ನನ್ ಕೈಹಿಡಿದು ಕರ್ಕೊಂಡ್ ಬಂದಿದ್ದ ಅಂತ ಆ ಮಗೀಗೆ ನೆನಪಿರ್ಲಿ."

ಇಷ್ಟು ದಿನ ಭಯವೆಲ್ಲ ತನ್ನೊಬ್ಬಳ ಪಾಲಿಗೇ ಬಂದಿದೆ ಎಂದುಕೊಂಡಿದ್ದಳು ಅವಳು. ಸೆರಗಿನಲ್ಲಿ ಮುಖ ಒರೆಸಿಕೊಂಡು, ಟೋಪಿಯ ಮೆತ್ತೆ ಬಿಚ್ಚಿದಳು. ಒಳಪಟ್ಟಿ ಮೂಳೆಯ ಮೇಲೆ ಮಾತ್ರ ಕೂರಬೇಕು, ಬಲಗಡೆ ಫೆಲ್ಟು ಉಬ್ಬಿ ಎತ್ತರಕ್ಕೆ ನಿಲ್ಲಬೇಕು. ಆದರೆ ಮೂಳೆ ಮುಗಿಯುವುದು ಎಲ್ಲಿ? ಅದು ತಪ್ಪಲೆಯ ಮೇಲೆ ಗೊತ್ತಾಗುವಂಥದ್ದಲ್ಲ.

"ಒಂದ್ಸಲ ಮುಟ್ಟಿ ನೋಡ್ಬೇಕು ಕಣ್ರಿ."

ಅವನು ಹಿಂದೆ ಸರಿದ. ಸ್ನಾನಕ್ಕೆ ಕೂತಾಗಲೂ ಅವಳ ಕೈ ಅತ್ತ ಬಂದರೆ ಹೀಗೇ ಸರಿಯುತ್ತಿದ್ದ. ಗಂಡಸಿನ ಬಿಗುಮಾನ ಎಂದು ಅವಳು ಸುಮ್ಮನಾಗುತ್ತಿದ್ದಳು.

"ನಾನೇ ಇನ್ನೂ ಮುಟ್ಟಿಲ್ಲ ಕಣೆ," ಎಂದ ಅವನು. "ಕೈ ಒಳಕ್ಕೇ ಹೋಗ್ಬಿಡ್ತೈತೇನೋ ಅನ್ನಿಸ್ತೈತೆ."

ಸೂರಮ್ಮ ಎದ್ದು ಗುರುತು ಹಾಕಲೆಂದು ಕಾಡಿಗೆ ಡಬ್ಬಿ ತಂದು ಸೊಸೆಯ ಕೈಗಿಟ್ಟಳು. ಪ್ರೇಮಲತಾ ಬೆರಳಿಟ್ಟಳು. ಗಟ್ಟಿ ಮೂಳೆ, ಆಮೇಲೆ ಅಂಚು, ಅದರಾಚೆ ಹೂವಿನಷ್ಟು ಮೆತ್ತಗೆ. ಬೆರಳ ಕೆಳಗೆ ಏನೋ ಮಿಡಿಯಿತು. ಅವಳು ಕೈ ಎಳೆದುಕೊಂಡಳು.

"ಏನೈತೆ ಅಲ್ಲಿ?"

"ಬಡ್ಕೊಂತೈತೆ."

ಅವನು ಕೊನೆಗೆ ತನ್ನ ಬೆರಳನ್ನೇ ಎತ್ತಿ, ಸೋಕಿಯೂ ಸೋಕದ ಹಾಗೆ ಅಲ್ಲಿಟ್ಟ. ಕಣ್ಣು ಮುಚ್ಚಿದ್ದವು, ಗಲ್ಲದ ಮೇಲೆ ನೀರು ಇಳಿಯುತ್ತಿತ್ತು.

"ಗುರುತು ಹಾಕು," ಎಂದ. "ನಾನು ಅಲ್ಲಾಡಲ್ಲ."

ಅವಳು ಬೆರಳನ್ನು ಕಾಡಿಗೆಗೆ ಅದ್ದಿದಳು, ಆದರೆ ಕೈ ನಿಲ್ಲಲೊಲ್ಲದು. ಮಾರುತೇಶ ಅವಳ ಮಣಿಕಟ್ಟು ಹಿಡಿದುಕೊಂಡ. ಇಬ್ಬರೂ ಸೇರಿ ಮೂಳೆಯ ಅಂಚಿನಗುಂಟ ನಿಧಾನಕ್ಕೆ ಒಂದು ಸುತ್ತು ಗೆರೆ ಎಳೆದರು.