ವಲ್ಲಿ ಹಾಕಿದವರ ಸೀಟು

ಬೆಳಗಿನ ಹಾನಗಲ್ ಬಸ್ಸಿನಲ್ಲಿ ಯಾರು ಎಲ್ಲಿ ಕೂರಬೇಕು ಎಂಬುದಕ್ಕೆ ತಿಳವಳ್ಳಿಯಲ್ಲಿ ಒಂದು ಕಾಯಿದೆ ಇದೆ. ಅದನ್ನು ಮಾಡಿದ್ದು ಸರಕಾರವಲ್ಲ, ಪರಮೇಶಪ್ಪ. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಗದ್ದಲ ಹೆಚ್ಚಿತು, ಬಾಗಿಲಲ್ಲಿ ದಿನಾ ಜಗಳ, ಒಂದು ದಿನ ಯಾರದೋ ಅಂಗಿಯೇ ಹರಿಯಿತು. ಆಗ ಪರಮೇಶಪ್ಪ ಚಹಾದಂಗಡಿ ಮುಂದೆ ನಿಂತು ಇತ್ಯರ್ಥ ಮಾಡಿದ. ಬಸ್ಸು ನಿಂತ ಕೂಡಲೇ ಹೆಗಲ ಮೇಲಿನ ವಲ್ಲಿಯನ್ನು ಕಿಟಕಿಯಿಂದ ಒಳಗೆ ಒಗೆಯಬೇಕು. ಅದು ಬಿದ್ದ ಸೀಟು ಒಗೆದವರದು. ವಲ್ಲಿ ಇಲ್ಲದವರು ಕರ್ಚೀಪು ಒಗೆಯಲಿ. ಆಮೇಲೆ ಎಷ್ಟು ನಿಧಾನ ಹತ್ತಿದರೂ ಯಾರೂ ತಕರಾರು ಮಾಡಬಾರದು. ಎಲ್ಲರೂ ಹೂಂ ಎಂದರು. ಪರಮೇಶಪ್ಪ ಆರಡಿ ಆಳು, ಅವನ ಕೈ ಎಲ್ಲರಿಗಿಂತ ಉದ್ದ ಎಂಬುದು ಹೂಂ ಅನ್ನುವಾಗ ಯಾರಿಗೂ ಹೊಳೆಯಲಿಲ್ಲ.

ಅವನ ವಲ್ಲಿ ದಿನವೂ ಬೀಳುತ್ತಿದ್ದದ್ದು ಶೇಖಸಾಬನ ಪಕ್ಕದ ಸೀಟಿಗೆ. ಶೇಖಸಾಬ ಹಾನಗಲ್ಲಿನಲ್ಲಿ ಗಾದಿ ಹೊಲಿಯುವವನು, ಹಿಂದಿನ ಊರಲ್ಲೇ ಹತ್ತಿರುತ್ತಿದ್ದ. ಅವನ ಹೆಂಡತಿ ಶಾಕೀರಾ ರಾತ್ರಿ ಏನಾದರೊಂದಕ್ಕೆ ಅವನನ್ನು ಬೈಯುತ್ತಿದ್ದಳು, ಅವನು ಬೆಳಿಗ್ಗೆ ಅದನ್ನು ಒಂದಕ್ಷರ ಬಿಡದೆ ಪರಮೇಶಪ್ಪನಿಗೆ ಒಪ್ಪಿಸುತ್ತಿದ್ದ. ಪರಮೇಶಪ್ಪ ಆಕೆಯನ್ನು ಕಣ್ಣಾರೆ ಕಂಡವನಲ್ಲ. ಆದರೂ ಪ್ರತಿ ಜಗಳದಲ್ಲೂ ಆಕೆಯದೇ ಪಕ್ಷ.

“ತಪ್ಪ ನಿಂದ ಐತಿ ಶೇಖಸಾಬ. ಸಂಜಿಗೆ ಎಳೀ ಬದನಿಕಾಯಿ ತಗೊಂಡ ಹೋಗು, ತಾನ ಸುಮ್ನಾಗ್ತಾಳ.”

“ನಿಮಗೇನ್ರಿ ಅಣ್ಣಾರ, ಬೈಸ್ಕೊಳ್ಳಾವ ನಾನು.”

ಪರಮೇಶಪ್ಪನ ಇಡೀ ದಿನದಲ್ಲಿ ಇದ್ದ ಮಾತು ಇಷ್ಟೇ. ಹೆಂಡತಿ ಶಾರವ್ವ ತೀರಿಕೊಂಡ ಮೇಲೆ ಅವನನ್ನು ಬೈಯುವವರೂ ಇರಲಿಲ್ಲ. ಅವನಿಗೆ ಅಕ್ಕಿ ಗಿರಣಿಯಲ್ಲಿ ತೂಕ ನೋಡುವ ಕೆಲಸ. ಆ ಸದ್ದಿನಲ್ಲಿ ಎಲ್ಲರೂ ಕೈಸನ್ನೆ ಮಾಡುತ್ತಾರೆಯೇ ಹೊರತು ಯಾರೂ ಬಾಯಿ ತೆರೆಯುವುದಿಲ್ಲ. ಗಾದಿ ಅಂಗಡಿ ತಡವಾಗಿ ಮುಚ್ಚುವುದರಿಂದ ಸಂಜೆ ಶೇಖಸಾಬ ಸಿಗುವುದಿಲ್ಲ. ಪರಮೇಶಪ್ಪ ಒಬ್ಬನೇ ಮನೆಗೆ ಬಂದು ಟಿವಿ ಹಚ್ಚುತ್ತಾನೆ, ಯಾರೋ ಮಾತಾಡುತ್ತಿರಲಿ ಎಂದು. ಮನುಷ್ಯನಿಗೆ ಒಂಟಿತನ ಅಂದರೆ ಇದೇ, ಬೇರೇನೂ ಅಲ್ಲ.

ಕಾಯಿದೆಗೆ ಎರಡನೆಯ ಕಲಮು ಸೇರಿಸಿದವನೂ ಅವನೇ. ಶೇಖಸಾಬನ ಊರಿನ ಜಯಶ್ರೀ ಸೀರೆ ಅಂಗಡಿಯ ಕೆಲಸದವಳು. ತಿಳವಳ್ಳಿಯಲ್ಲಿ ಹತ್ತುವ ಗೆಳತಿ ಮಧುಶ್ರೀಗಾಗಿ ಆಕೆ ಪಕ್ಕದ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಬರುತ್ತಿದ್ದಳು. ಮಧುಶ್ರೀ ಆಗ ಬಸುರಿ. ಪರಮೇಶಪ್ಪ ಒಪ್ಪಲಿಲ್ಲ. “ಒಳಗ ಕುಂತವ್ರು ಮಂದಿ ಸಲುವಾಗಿ ಸೀಟ ಹಿಡಿಯಾಂಗಿಲ್ಲ. ರೂಲ್ ಅಂದ್ರ ರೂಲ್,” ಎಂದ. ಎಲ್ಲರೂ ಅದಕ್ಕೂ ಹೂಂ ಎಂದರು. ಮಧುಶ್ರೀ ಹಾನಗಲ್ಲಿನವರೆಗೆ ಕಂಬಿ ಹಿಡಿದು ನಿಂತಳು.

ಈ ವರ್ಷ ಚಳಿ ಶುರುವಾಗುತ್ತಲೇ ಪರಮೇಶಪ್ಪನ ಬಲ ಹೆಗಲು ಹಿಡಿದುಕೊಂಡಿತು. ಕೈ ಎದೆಯ ಮೇಲಕ್ಕೆ ಏಳದು. ಎಡಗೈಯಿಂದ ಒಗೆದ ವಲ್ಲಿ ಕಿಟಕಿಯ ಸರಳಿಗೆ ತಾಗಿ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳುವಷ್ಟರಲ್ಲಿ ಮೊಬೈಲ್ ಅಂಗಡಿಯ ಲೋಹಿತನ ಕರ್ಚೀಪು ಶೇಖಸಾಬನ ಪಕ್ಕ ಕೂತಾಗಿತ್ತು. ಒಂದು ವಾರ ಇದೇ ಪಾಡು. ಪರಮೇಶಪ್ಪ ಮುಂದೆ ಗದ್ದಲದಲ್ಲಿ ನಿಂತು ಹಿಂದಕ್ಕೆ ಕತ್ತು ಚಾಚುತ್ತಿದ್ದ. ಶೇಖಸಾಬನ ಕೈ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ.

ಸೋಮವಾರ ಶೇಖಸಾಬನೇ ಪಕ್ಕದ ಸೀಟಿನ ಮೇಲೆ ಬುತ್ತಿ ಚೀಲ ಇಟ್ಟುಕೊಂಡು ಬಂದ. ಪರಮೇಶಪ್ಪ ಕಿಟಕಿಯಿಂದ ಅದನ್ನು ನೋಡಿ ಮದುಮಗನ ಹಾಗೆ ಅರಳಿದ. ಆದರೆ ಅವನು ಹತ್ತುವಾಗ ಜಯಶ್ರೀ ಮುಂದಿನ ಸೀಟಿನಿಂದ ತಿರುಗಿ ಕೂಗಿದಳು.

“ಸಾಬರ, ಚೀಲ ತಗೀರಿ. ಒಳಗ ಕುಂತವ್ರು ಹಿಡಿಯಾಂಗಿಲ್ಲ.”

ಶೇಖಸಾಬ ಚೀಲ ಎತ್ತಿಕೊಂಡ. ಲೋಹಿತನ ಕರ್ಚೀಪು ಬಿತ್ತು.

ಪರಮೇಶಪ್ಪನಿಗೆ ಪಿತ್ತ ನೆತ್ತಿಗೇರಿತು. “ಏನ್ ರೂಲ್ ಇದು? ಅರಿವಿ ತುಂಡಿಗೆ ಇರೂ ಕಿಮ್ಮತ್ತು ಮನಶ್ಯಾಗ ಇಲ್ಲೇನು? ಕೈಲಾಗದವ್ರು ಏನ್ ಮಾಡಬೇಕು? ಯಾವ ಶ್ಯಾಣ್ಯಾ ಮಾಡಿದನೋ ಇದನ್ನ!”

ಬಸ್ಸಿಗೆ ಬಸ್ಸೇ ನಕ್ಕಿತು.

“ಮಧುಶ್ರೀ ಹೊಟ್ಟಿ ಹೊತ್ಕೊಂಡ ನಿಂತಾಗ ಈ ಮಾತ ಎಲ್ಲಿತ್ತರಿ ಕಾಕಾ?” ಎಂದಳು ಜಯಶ್ರೀ. “ಅವತ್ತ ನಿಮಗ ರೂಲ್ ಛಲೋ ಕಂಡಿತ್ತು.”

ಆಗ ಎದ್ದವಳು ಮಧುಶ್ರೀ. ಬಾಗಿಲ ಹಿಂದೆ ಒಬ್ಬರೇ ಕೂರುವ ಸೀಟು ಅಂದು ಆಕೆಗೆ ಸಿಕ್ಕಿತ್ತು, ಮಡಿಲಲ್ಲಿ ಕೂಸು. “ಸಾಕು ಬಿಡ ಜಯಶ್ರೀ. ಕಾಕಾರ, ನೀವು ಇಲ್ಲಿ ಕುಂದ್ರಿ,” ಎಂದು ಕೂಸನ್ನು ಎತ್ತಿಕೊಂಡು ಜಯಶ್ರೀಯ ಪಕ್ಕ ಒತ್ತಿ ಕೂತಳು. ಕಂಡಕ್ಟರ್ ಮಂಜುಳಾಗೂ ಇದೇ ಸರಿ ಕಂಡಿತು. “ಇನ್ನ ಮ್ಯಾಲೆ ಈ ಸೀಟ ಕಾಕಾಂದು. ವಲ್ಲಿ ಬ್ಯಾಡ, ಕರ್ಚೀಪ ಬ್ಯಾಡ. ಎಲ್ಲಾರಿಗೂ ಒಪ್ಪಿಗಿ ಹೌದಿಲ್ರೀ?”

“ಹೌದ್ರಿ!” ಎಂದಿತು ಬಸ್ಸು. ಎಲ್ಲರಿಗಿಂತ ಜೋರಾಗಿ ಹೇಳಿದವನು ಶೇಖಸಾಬ. ಪಾಪ, ಗೆಳೆಯನ ಹೆಗಲುನೋವಿಗೆ ಅವನು ಒಳಗೊಳಗೇ ಮರುಗಿದ್ದ.

ಪರಮೇಶಪ್ಪ ನಿಂತೇ ಇದ್ದ. ನನಗೆ ಸೀಟು ಬೇಡ, ಅವನ ಹತ್ತಿರ ಕೂರಬೇಕು, ಅಷ್ಟೇ ಹೇಳಬೇಕಾಗಿತ್ತು. ಲೋಹಿತನನ್ನು ಕೇಳಿದ್ದರೆ ಎದ್ದು ಬರುತ್ತಿದ್ದನೋ ಏನೋ. ಆದರೆ ಮೀಸೆ ಬೆಳ್ಳಗಾದ ಗಂಡಸು ಅಷ್ಟು ಜನರ ಮುಂದೆ, ಅದೂ ಇಷ್ಟು ಕೂಗಾಡಿದ ಮೇಲೆ, ಇಂಥ ಮಾತನ್ನು ಹೇಗೆ ಆಡಿಯಾನು? ಸೀಟು ಬೇಕು ಎಂದು ಕೂಗಿದ್ದ, ಸೀಟು ಕೊಟ್ಟರು. ಕೂತ.

ಒಳ್ಳೆಯ ಸೀಟು. ಕಾಲು ಚಾಚಲು ಜಾಗ, ಎದುರಿಗೆ ಇಡೀ ರಸ್ತೆ, ಎರಡೂ ಕಡೆ ತೆನೆ ಮುರಿದ ಮೇಲೆ ಒಣಗಿ ನಿಂತ ಗೋವಿನಜೋಳ. ಪಕ್ಕದಲ್ಲಿ ಯಾರೂ ಕೂರುವಂತಿಲ್ಲ. ಹಿಂದೆ ಲೋಹಿತ ಗೊಳ್ಳೆಂದು ನಕ್ಕ, ನಿನ್ನೆ ರಾತ್ರಿ ಶಾಕೀರಾ ಏನೋ ಅಂದಿರಬೇಕು. ಆಕೆಯ ಪಕ್ಷ ವಹಿಸಲು ಅಲ್ಲಿ ಯಾರೂ ಇರಲಿಲ್ಲ.

ಹಾನಗಲ್ಲಿನಲ್ಲಿ ಪರಮೇಶಪ್ಪ ಮೊದಲು ಇಳಿದು, ಶೇಖಸಾಬ ಇಳಿಯುವವರೆಗೆ ಕಾದು ನಿಂತ.

“ಗೆದ್ರಿ ಬಿಡ್ರಿ ಅಣ್ಣಾರ! ದಿನಾ ಸೀಟು ಖಾಯಂ. ಆರಾಮ ಆತಿಲ್ರಿ?”

“ಆತು.” ವಲ್ಲಿ ಸರಿಮಾಡಿಕೊಂಡು ಕೇಳಿದ: “ಶಾಕೀರಾ ಏನಂದ್ಲು ನಿನ್ನಿ?”

“ಅಯ್ಯ, ಅದು ದೊಡ್ಡ ಕತಿ ಐತ್ರಿ,” ಎಂದು ಶೇಖಸಾಬ ಚೀಲ ಹೆಗಲಿಗೇರಿಸಿಕೊಂಡ. “ಅಂಗಡಿ ತಗೀಬೇಕು, ನಾಳೆ ಬಸ್ಸಿನ್ಯಾಗ ಹೇಳ್ತೇನಿ.”

ಹೇಳಿ ನಾಲ್ಕು ಹೆಜ್ಜೆ ಹೋದವನಿಗೆ ಬಾಗಿಲ ಹಿಂದಿನ ಒಂಟಿ ಸೀಟು ನೆನಪಾಯಿತು. ತಿರುಗಿ ನೋಡಿದ. ಪರಮೇಶಪ್ಪ ಗಿರಣಿಯ ದಾರಿ ಹಿಡಿದಾಗಿತ್ತು.